ಮತ್ತೇಯೊ ರಿಚ್ಚಿ: ಎರಡು ಲೋಕದೃಷ್ಟಿಗಳ ನಡುವೆ

ಈ ದೂರದೇಶದಲ್ಲಿ ತಂದೆಯ ತಿಥಿಯಂದು, ಇದು ಪೂಜೆಯೋ ಸ್ಮರಣೆಯೋ ಎಂದು ನೆರೆಯವರು ಕೇಳಿದಾಗಲೆಲ್ಲ ನನಗೆ ರಿಚ್ಚಿ ನೆನಪಾಗುತ್ತಾರೆ.

ಇಟಲಿಯಲ್ಲಿ 1552ರಲ್ಲಿ ಜನಿಸಿದ ಈ ಜೆಸ್ವಿಟ್ ಪಾದ್ರಿ ಗೋವಾ, ಕೊಚ್ಚಿಗಳಲ್ಲಿದ್ದು 1582ರಲ್ಲಿ ಮಕಾವ್ ತಲುಪಿದರು. ಚೀನಾದಲ್ಲಿ ಮೊದಲು ಬೌದ್ಧ ಭಿಕ್ಷುವಿನ ಉಡುಪು ಧರಿಸಿದವರು, ಹೆಚ್ಚಿನ ಮನ್ನಣೆ ಕನ್‌ಫ್ಯೂಷಿಯಸ್ ಪಂಥದ ವಿದ್ವಾಂಸರಿಗೆಂದು ಅರಿತು 1595ರಲ್ಲಿ ಅವರ ನಿಲುವಂಗಿ ತೊಟ್ಟರು. 1601ರಲ್ಲಿ ಬೀಜಿಂಗ್ ಸೇರಿದರು. 1607ರಲ್ಲಿ ಷು ಗ್ವಾಂಗ್‌ಚಿಯವರೊಡನೆ ಯೂಕ್ಲಿಡನ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದರು.

ಆಳವಾದ ಭೇದ ಎದುರಾದದ್ದು ಪಿತೃಪೂಜೆಯಲ್ಲಿ. ರಿಚ್ಚಿ ಅದನ್ನು ವಿಗ್ರಹಾರಾಧನೆಯೆನ್ನದೆ ಹಿರಿಯರಿಗೆ ಸಲ್ಲುವ ಗೌರವವೆಂದು ಗ್ರಹಿಸಿದರು. ಅವರು 1610ರಲ್ಲಿ ತೀರಿಕೊಂಡರು. ರೋಮ್ 1704ರಲ್ಲಿ ಆ ಆಚರಣೆಯನ್ನು ಕ್ರೈಸ್ತರಿಗೆ ನಿಷೇಧಿಸಿತು. ಕೆರಳಿದ ಕಾಂಗ್‌ಷಿ ಚಕ್ರವರ್ತಿ 1721ರಲ್ಲಿ ಕ್ರೈಸ್ತ ಪ್ರಚಾರವನ್ನೇ ತಡೆದನು. ರೋಮ್ ನಿಲುವು ಸಡಿಲಿಸಿದ್ದು 1939ರಲ್ಲಿ.

ಪೂಜೆ, ಗೌರವಗಳನ್ನು ಬೇರ್ಪಡಿಸಿ ನೋಡುವ ದೃಷ್ಟಿಯೇ ಪಾಶ್ಚಾತ್ಯವೆಂದು ನನಗನಿಸುತ್ತದೆ. ಆದರೂ ತೀರ್ಪು ಕೊಡುವ ಮೊದಲು ರಿಚ್ಚಿ ಅಲ್ಲಿಯ ಗ್ರಂಥಗಳನ್ನು ಓದಿದ್ದರು.