ಮೂಸಿಯ ದಡದಲ್ಲಿ ವಿಶ್ವೇಶ್ವರಯ್ಯ

ಕನ್ನಡಿಗರ ನೆನಪಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಕಟ್ಟೆಯೊಡನೆ ಬೆಸೆದುಕೊಂಡಿದ್ದಾರೆ. ಹೈದರಾಬಾದಿನ ಮಟ್ಟಿಗೆ ಹೇಳುವುದಾದರೆ ಅವರು ಅದಕ್ಕೂ ಮೊದಲೇ ದೊರೆತವರು. ಹೊಳೆ ಕೊಚ್ಚಿಹಾಕಿದ ಒಂದು ನಗರವನ್ನು ಮತ್ತೆ ಹೇಗೆ ಕಟ್ಟಬೇಕೆಂಬ ಪ್ರಶ್ನೆಗೆ ಅವರು 1909ರಲ್ಲಿ ಇಲ್ಲಿ ಉತ್ತರ ಹುಡುಕಿದರು. ಅವರ ಜೀವನಚರಿತ್ರೆಗಳಲ್ಲಿ ಈ ಅಧ್ಯಾಯಕ್ಕೆ ಸಂದಿರುವ ಪುಟಗಳು ಕಡಿಮೆ.

1861ರಲ್ಲಿ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಸಿಂಧೂ ನದಿಯ ದಡದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು, ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳು, 1906ರಲ್ಲಿ ಏಡನ್ನಿನ ನೀರು ಮತ್ತು ಒಳಚರಂಡಿಯ ಯೋಜನೆ: ಹೀಗೆ ಕೀರ್ತಿ ಬೆಳೆಯಿತು. ಆದರೂ ಅಂದಿನ ಆಡಳಿತದಲ್ಲಿ ಭಾರತೀಯನೊಬ್ಬ ಮುಖ್ಯ ಎಂಜಿನಿಯರ್ ಹುದ್ದೆಗೇರುವ ಸಂಭವ ತೀರ ಕಡಿಮೆಯಿತ್ತು. ಅವಧಿಗೆ ಮುನ್ನವೇ ನಿವೃತ್ತಿ ಬಯಸಿ ಅವರು ವಿದೇಶ ಪ್ರವಾಸಕ್ಕೆ ಹೊರಟರು.

ಅವರು ಯುರೋಪಿನಲ್ಲಿದ್ದಾಗ, 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿಯಿತು. ನದಿಯ ಎರಡೂ ದಡಗಳ ಬಡಾವಣೆಗಳು ನೀರಿನಲ್ಲಿ ಮುಳುಗಿದವು. ಅಫ್ಜಲ್‌ಗಂಜ್ ಸುತ್ತಿನ ಬೀದಿಗಳು ಗುರುತು ಸಿಗದಂತಾದವು, ಸೇತುವೆಗಳು ಒಡೆದವು. ಸತ್ತವರ ಸಂಖ್ಯೆಯನ್ನು ಸುಮಾರು 15,000 ಎಂದು ಅಂದಾಜು ಮಾಡಲಾಗಿದೆ. ಸಾವಿರಾರು ಮನೆಗಳು ನೆಲಸಮವಾದವು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಮರವನ್ನೇರಿ ನೂರೈವತ್ತರಷ್ಟು ಜನ ಬದುಕಿಕೊಂಡರೆಂಬುದನ್ನು ನಗರ ಈಗಲೂ ನೆನೆಯುತ್ತದೆ. ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರದ ಕರೆ ವಿಶ್ವೇಶ್ವರಯ್ಯನವರಿಗೆ ಇಟಲಿಯಲ್ಲಿ ತಲುಪಿತು. ಪ್ರವಾಸ ಮುಗಿಸಿಕೊಂಡು 1909ರ ಏಪ್ರಿಲ್‌ನಲ್ಲಿ ಅವರು ಹೈದರಾಬಾದಿಗೆ ಬಂದಿಳಿದರು.

ಒಡೆದ ನಗರಕ್ಕೆ ಕರೆಸಿದ ಎಂಜಿನಿಯರನಿಂದ ಜನ ಸಹಜವಾಗಿ ಬೀದಿ, ಸೇತುವೆ, ಗೋಡೆಗಳನ್ನು ನಿರೀಕ್ಷಿಸುತ್ತಾರೆ. ವಿಶ್ವೇಶ್ವರಯ್ಯನವರು ಮೊದಲು ನಗರವನ್ನು ಬಿಟ್ಟು ನದಿಯ ಮೇಲ್ಭಾಗದತ್ತ ದೃಷ್ಟಿ ಹಾಯಿಸಿದರು. ಮೂಸಿಯ ಜಲಾನಯನ ಪ್ರದೇಶದ 860 ಚದರ ಮೈಲಿಯಲ್ಲಿ 788 ಕೆರೆಗಳಿದ್ದು, ಆ ಮಳೆಯಲ್ಲಿ 221 ಕೆರೆಗಳ ಏರಿ ಒಡೆದದ್ದನ್ನು ಅವರು ಲೆಕ್ಕಹಾಕಿಸಿದರು. ಒಂದು ಕೆರೆಯ ನೀರು ಕೆಳಗಿನ ಕೆರೆಯನ್ನು ಒಡೆಯಿತು; ಎರಡರ ನೀರೂ ಸೇರಿ ಮೂರನೆಯದನ್ನು. ಹೊಳೆಗೆ ಆ ಬಲ ಬಂದದ್ದು ಬರಿಯ ಮಳೆಯಿಂದಲ್ಲ. ಮಳೆಯ ದಾಖಲೆಗಳನ್ನೂ ನೆರೆಯ ಗುರುತುಗಳನ್ನೂ ಹೊಂದಿಸಿ, ಪ್ರವಾಹದ ಗರಿಷ್ಠ ಹರಿವು ಸೆಕೆಂಡಿಗೆ ಸುಮಾರು 4,25,000 ಘನ ಅಡಿ ಇದ್ದಿರಬೇಕೆಂದು ಅವರು ನಿರ್ಣಯಿಸಿದರು. ಅಷ್ಟು ನೀರನ್ನು ನಗರದೊಳಗೆ ಗೋಡೆ ಕಟ್ಟಿ ತಡೆಯಹೋದರೆ ನದಿಗೇ ಜಾಗ ಸಾಲದು. ಆದುದರಿಂದ ನಗರಕ್ಕಿಂತ ಮೇಲೆ ಮೂಸಿಗೂ ಅದರ ಉಪನದಿ ಈಸಿಗೂ ಒಂದೊಂದು ಜಲಾಶಯ ಕಟ್ಟಿ, ನೆರೆಯನ್ನು ಅಲ್ಲೇ ಹಿಡಿದು ನಿಧಾನವಾಗಿ ಬಿಡಬೇಕೆಂಬುದು ಅವರ ಸಲಹೆಯಾಯಿತು. ಅದೇ ನೀರು ಊರಿನ ಬಾಯಾರಿಕೆಗೂ ಒದಗಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಅವರು ಸಮರ್ಥ ಜಲತಜ್ಞರೆನಿಸುತ್ತಿದ್ದರು, ಅಷ್ಟೆ. ನಗರದೊಳಗೆ ದಡಗಳನ್ನು ಎತ್ತರಿಸುವುದು, ಅವುಗಳ ಮೇಲೆ ಅಗಲವಾದ ದಾರಿ ಮತ್ತು ಉದ್ಯಾನಗಳನ್ನು ರೂಪಿಸುವುದು, ಮನೆಮನೆಯ ಹೊಲಸನ್ನು ಕೊಳವೆಗಳಲ್ಲಿ ನಗರದ ಹೊರಗೆ ಒಯ್ಯುವುದು ಇವೂ ಅವರ ಯೋಜನೆಯಲ್ಲಿ ಸೇರಿದ್ದವು. ತೆರೆದ ಚರಂಡಿಯ ಗಲ್ಲಿಗೆ ಕಲ್ಲು ಹಾಸಿದ ಮಾತ್ರಕ್ಕೆ ಅದು ಬೀದಿಯಾಗದು ಎಂಬ ತಿಳಿವಳಿಕೆ ಅವರಿಗೆ ಏಡನ್ನಿನ ಕಾಲದಿಂದಲೇ ಇತ್ತು.

ಯೋಜನೆ ಕೈಸೇರಿದ ಮೇಲೆ ಅದನ್ನು ನಡೆಸಿದವರು ಬೇರೆಯವರು. 1909ರ ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಹೊರಟುಹೋದರು. 1911ರಲ್ಲಿ ಮಹಬೂಬ್ ಅಲಿ ಖಾನರು ತೀರಿಕೊಂಡರು. ಅದೇ ವರ್ಷ ಪ್ಲೇಗು ಬಂದಿತು. ಹೊಸ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1912ರಲ್ಲಿ ನಗರ ಸುಧಾರಣಾ ಮಂಡಳಿಯನ್ನು ಸ್ಥಾಪಿಸಿದರು. ಸಿ. ಟಿ. ದಲಾಲರ ಉಸ್ತುವಾರಿಯಲ್ಲಿ ಉಸ್ಮಾನ್‌ಸಾಗರ 1920ರಲ್ಲಿ ಮುಗಿಯಿತು. ಅಲಿ ನವಾಜ್ ಜಂಗರ ಕಾಲದಲ್ಲಿ ಹಿಮಾಯತ್‌ಸಾಗರ 1927ರಲ್ಲಿ. ಮಂಡಳಿಯು ಇಕ್ಕಟ್ಟಿನ ಕೇರಿಗಳನ್ನು ತೆರವುಗೊಳಿಸಿ ರಸ್ತೆಗಳನ್ನು ಅಗಲಿಸಿತು. ಚಾರ್‌ಮಿನಾರಿನಿಂದ ನದಿಯತ್ತ ಸಾಗುವ ಪತ್ತರ್‌ಗಟ್ಟಿಯ ಕಲ್ಲು ಕಮಾನಿನ ಅಂಗಡಿಸಾಲು ಆ ಕಾಲದ ಕೊಡುಗೆ. ಹಳೆಯ ಬಜಾರನ್ನು ಕೆಡವಿಯೂ ಬಜಾರನ್ನು ಉಳಿಸಿಕೊಂಡ ಈ ಕೆಲಸ ವಿವೇಕದ್ದು. ನಾಂಪಲ್ಲಿ, ಮಲ್ಲೇಪಲ್ಲಿಗಳಲ್ಲಿ ಸಾಮಾನ್ಯರಿಗಾಗಿ ಮನೆಗಳು ಎದ್ದವು. ಕೆಡವಿದ ಕೇರಿಯ ಎಲ್ಲರಿಗೂ ಹೊಸ ಮನೆ ದೊರೆಯಿತೆಂದು ಭಾವಿಸುವುದು ಕಷ್ಟ. ನಗರ ಸುಧಾರಣೆಯ ಚರಿತ್ರೆಯಲ್ಲಿ ಅಗಲವಾದ ಬೀದಿಗೆ ಲೆಕ್ಕವಿರುತ್ತದೆ, ಅಲ್ಲಿಂದ ಎದ್ದುಹೋದವರಿಗೆ ಇರುವುದಿಲ್ಲ.

ಮೈಸೂರಿನ ದಿವಾನಗಿರಿ (1912–1918), ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯಗಳ ಕಥೆ ಎಲ್ಲರಿಗೂ ಪರಿಚಿತ. ಇಲ್ಲಿ ಗಮನಿಸಬೇಕಾದುದು ಅದರ ನಂತರದ್ದು. ಹೈದರಾಬಾದಿನ ಒಳಚರಂಡಿ ಹಣದ ಅಭಾವದಿಂದ ಹಿಂದುಳಿದಿತ್ತು. ಜಲಾಶಯ ಕಣ್ಣಿಗೆ ಕಾಣುತ್ತದೆ, ದೊರೆಯ ಹೆಸರನ್ನು ಹೊರುತ್ತದೆ. ನೆಲದೊಳಗಿನ ಕೊಳವೆಗೆ ಯಾರ ಹೆಸರನ್ನೂ ಇಡುವುದಿಲ್ಲ. 1922ರಲ್ಲಿ ಮತ್ತೆ ಕರೆ ಬಂದಾಗ, ದಿವಾನಗಿರಿಯನ್ನು ಕಂಡ ಅರುವತ್ತು ದಾಟಿದ ಅವರು ಅದೇ ಚರಂಡಿಯ ಕೆಲಸಕ್ಕಾಗಿ ಹಿಂದಿರುಗಿದರು. ಮುಂದೆಯೂ ಆ ನಗರಕ್ಕೆ ಸಲಹೆ ಕೊಟ್ಟರು.

1955ರಲ್ಲಿ ಭಾರತರತ್ನ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು, ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಬೀದರ, ಕಲಬುರಗಿ, ರಾಯಚೂರುಗಳಿಂದ ಓದಲೆಂದು ಹೈದರಾಬಾದಿಗೆ ಬಂದ ಎಷ್ಟೋ ತಲೆಮಾರಿನ ಕನ್ನಡ ವಿದ್ಯಾರ್ಥಿಗಳು ಕುಡಿದದ್ದು ಆ ಎರಡು ಸಾಗರಗಳ ನೀರನ್ನು. 2000ದ ಆಗಸ್ಟಿನಲ್ಲೂ 2020ರ ಅಕ್ಟೋಬರಿನಲ್ಲೂ ಹೈದರಾಬಾದಿನ ಬಡಾವಣೆಗಳು ಮುಳುಗಿದಾಗ, ಒತ್ತುವರಿಯಾದ ಕೆರೆಗಳೂ ಮುಚ್ಚಿಹೋದ ಕಾಲುವೆಗಳೂ ಚರ್ಚೆಗೆ ಬಂದವು. 1909ರಲ್ಲಿ ಅವರು ಎಣಿಕೆಯನ್ನು ಆರಂಭಿಸಿದ್ದು ಕೆರೆಗಳಿಂದಲೇ.