ಹಳ್ಳಿಗೆ ನಾಟಕ ತಂದ ಕೆ. ವಿ. ಸುಬ್ಬಣ್ಣ

 

ಈ ಸಲದ ಗೋಡೆ ಪತ್ರಿಕೆಗೆ ನಾನು ಕೆ. ವಿ. ಸುಬ್ಬಣ್ಣನವರ ಜೀವನ ಆರಿಸಿಕೊಂಡೇನಿ. ಅವರು 2005ರ ಜುಲೈ 16ರಂದು ತೀರಿಕೊಂಡರು. ಆಗ ನಮ್ಮ ವರ್ಗದವರು ಒಬ್ಬರೂ ಹುಟ್ಟಿರಲಿಲ್ಲ. ಆದರೂ ಅವರ ಕೆಲಸ ನಮ್ಮ ಊರಿಗೆ ಇವತ್ತು ಬೇಕಾಗೇತಿ. ಯಾಕಂತ ಕೊನೆಗೆ ಹೇಳ್ತೀನಿ.

ಸುಬ್ಬಣ್ಣನವರು 1932ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹುಟ್ಟಿದರು. ಮನೆತನ ಅಡಿಕೆ ತೋಟದ್ದು. ಊರು ಹೆಗ್ಗೋಡು, ಸಣ್ಣ ಹಳ್ಳಿ. 1949ರಲ್ಲಿ ಆ ಊರಿನವರು ಕೂಡಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಕಟ್ಟಿದರು. ಅದೇ ನೀನಾಸಂ. ಆಗ ಸುಬ್ಬಣ್ಣನವರಿಗೆ ಬರೀ 17 ವರ್ಷ. ನಮ್ಮ ಹತ್ತನೇತ್ತೆಯ ಅಣ್ಣಂದಿರಿಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೇ.

ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದರು. ಅಲ್ಲಿ ಕುವೆಂಪು ಅವರ ಗುರುಗಳು. ಓದಿದವರು ಪಟ್ಟಣದಾಗ ನೌಕರಿ ಹಿಡೀತಾರ. ಇವರು ಹಾಗೆ ಮಾಡಲಿಲ್ಲ, ಹಳ್ಳಿಗೆ ತಿರುಗಿ ಬಂದರು. ತೋಟ ನೋಡಿಕೊಂಡು 1957ರಲ್ಲಿ ಅಕ್ಷರ ಪ್ರಕಾಶನ ಸುರು ಮಾಡಿ ಪುಸ್ತಕ ಅಚ್ಚು ಹಾಕಿಸಿದರು. ಬೇರೆ ದೇಶದ ನಾಟಕಗಳನ್ನು ತಾವೇ ಕನ್ನಡಕ್ಕೆ ತಂದರು.

ಒಳ್ಳೆಯ ಕಲೆ ಪಟ್ಟಣದವರಿಗೆ, ಹಳ್ಳಿಯವರಿಗೆ ಉಳಿದದ್ದು ಅನ್ನೋ ಮಾತನ್ನ ಅವರು ಒಪ್ಪಲಿಲ್ಲ. 1972ರಲ್ಲಿ ಹೆಗ್ಗೋಡಿನಲ್ಲಿ ರಂಗಮಂದಿರ ಎದ್ದು ನಿಂತಿತು. ಅದಕ್ಕೆ ಶಿವರಾಮ ಕಾರಂತರ ಹೆಸರು. ಮರುವರ್ಷ ಚಿತ್ರಸಮಾಜ ಆಯ್ತು. ಸತ್ಯಜಿತ್ ರೇ ಅವರಂಥ ದೊಡ್ಡವರ ಸಿನಿಮಾಗಳನ್ನು ಹೊಲ ತೋಟದಾಗ ದುಡಿಯುವ ಮಂದಿ ಕೂತು ನೋಡಿದರು. 1980ರಲ್ಲಿ ನಾಟಕ ಕಲಿಸುವ ಶಾಲೆ ತೆರೆಯಿತು. ನಾಡಿನ ಬೇರೆ ಬೇರೆ ಕಡೆಯ ಹುಡುಗ ಹುಡುಗಿಯರು ಅಲ್ಲಿಗೆ ಕಲಿಯಲು ಬಂದರು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1985ರಲ್ಲಿ ಸುರುವಾದ ತಿರುಗಾಟ. ಮಳೆಗಾಲದಾಗ ನಾಟಕ ಕಲಿಯೋದು, ಮಳೆ ನಿಂತ ಮೇಲೆ ಸಾಮಾನು ಗಾಡಿಗೆ ಹೇರಿಕೊಂಡು ಊರೂರು ತಿರುಗೋದು. ದೊಡ್ಡವರ ನಾಟಕದ ಜೋಡಿ ಮಕ್ಕಳ ನಾಟಕನೂ ಒಯ್ಯುತ್ತಿದ್ದರು. ಕರೆಸಿದ ಊರಿನವರು ಆಟಕ್ಕೆ ಇಷ್ಟು ಅಂತ ಹಣ ಕೊಟ್ಟು, ಊಟ ವಸತಿ ನೋಡಿಕೊಳ್ಳಬೇಕು. ಇದರ ಲೆಕ್ಕ ನೋಡ್ರಿ. ಒಂದೇ ಊರಿನಾಗ ಆಡಿದರೆ ಬಟ್ಟೆ, ಬಣ್ಣ, ಪರದೆ, ತಾಲೀಮು ಎಲ್ಲದರ ಖರ್ಚೂ ಆ ಊರಿನ ತಲೆ ಮೇಲೆ. ಅದೇ ನಾಟಕ ನೂರು ಊರಿಗೆ ಹೋದರೆ ಖರ್ಚು ನೂರು ಪಾಲಾಗತೈತಿ. ಬಡವರಿಗೂ ನಾಟಕ ಎಟಕತೈತಿ.

1991ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಮೇಲೂ ಅವರು ಹೆಗ್ಗೋಡು ಬಿಡಲಿಲ್ಲ.

ಈಗ ನಮ್ಮ ಮಾತು. ನಮ್ಮ ಭಾಗ ನಾಟಕಕ್ಕೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಗ ಬೆಳತನ ಆಡೋ ಸೀಮೆ ಇದು. ಕಾಗವಾಡದ ಆಚೆ ಸಾಂಗ್ಲಿ ಐತಿ, 1843ರಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಆಡಿಸಿದ ಊರು. ನಮ್ಮೂರ ಜಾತ್ರಿಯೊಳಗೂ ಮೊದಲು ನಾಟಕ ಇರ್ತಿತ್ತು. ಸೀನು, ಮೈಕು, ಪೇಟಿ ಮಾಸ್ತರ, ಹೊರಗಿನಿಂದ ಬರೋ ಪಾತ್ರಧಾರಿಗಳು, ಇಷ್ಟಕ್ಕೂ ಪಟ್ಟಿ ಎತ್ತಿದರೂ ಸಾಲಲಿಲ್ಲ. ಎರಡು ವರ್ಷದಿಂದ ನಾಟಕ ನಿಂತೈತಿ. ಹುಡುಗರಿಗೆ ಮೊಬೈಲ್ ಸಾಕು, ನಾಟಕ ಬ್ಯಾಡ ಅಂತ ಹಿರಿಯರು ಬೈತಾರ. ನನಗೆ ಹಾಗೆ ಅನಿಸೋದಿಲ್ಲ. ನಮಗಂತ ಒಂದು ನಾಟಕ ಯಾರೂ ಆಡಿಲ್ಲ, ನಮ್ಮ ಕೈಗೆ ಒಂದು ಪಾತ್ರನೂ ಕೊಟ್ಟಿಲ್ಲ.

ಅದಕ್ಕ ನನ್ನದೊಂದು ವಿನಂತಿ ಐತಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕಿನ ಒಂದೊಂದು ಶಾಲೆ ಒಂದೊಂದು ನಾಟಕ ಕಲೀಲಿ. ಪರದೆ ಬ್ಯಾಡ, ಮನೆಯಾಗಿನ ಸೀರಿ ಧೋತರ ಸಾಕು. ಒಬ್ಬರೂರಿಗೆ ಒಬ್ಬರು ಹೋಗಿ ಆಡೋಣ, ಹೋದ ಊರಿನವರು ರೊಟ್ಟಿ ಊಟ ಹಾಕಲಿ. ಒಂದು ನಾಟಕ ಕಲಿತ ಊರು ಐದು ನಾಟಕ ನೋಡತೈತಿ. ಗುರುಗಳು ಮನಸ್ಸು ಮಾಡಬೇಕು. ಮೊದಲನೇ ಪಾತ್ರಕ್ಕ ನನ್ನ ಹೆಸರು ಬರಕೊಳ್ರಿ.

— ಒಂಬತ್ತನೆಯ ತರಗತಿಯ ವಿದ್ಯಾರ್ಥಿ