ವೆಲ್ಲೂರು ಆಸ್ಪತ್ರೆ ಶುರುವಾಗಿದ್ದು ಒಂದೇ ಮಂಚದಿಂದ: ಡಾ. ಐಡಾ ಸ್ಕಡರ್ ಬದುಕು

ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರು ಆಸ್ಪತ್ರೆಗೆ ಹೋಗಿಬಂದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಸಿಎಂಸಿ ಆಸ್ಪತ್ರೆಯನ್ನು ಒಂದೇ ಒಂದು ಮಂಚದಿಂದ ಶುರು ಮಾಡಿದ್ದು ಒಬ್ಬ ಹೆಣ್ಣುಮಗಳು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ.

ಅವರೇ ಡಾ. ಐಡಾ ಸ್ಕಡರ್. 1870ರ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ ಹುಟ್ಟಿದರು. ಅಮೆರಿಕದ ಮಿಷನರಿ ಕುಟುಂಬ. ತಾತ, ತಂದೆ ಇಬ್ಬರೂ ಡಾಕ್ಟರು. ಆದರೆ ಐಡಾಗೆ ಈ ಕೆಲಸ ಬೇಡವಾಗಿತ್ತು. ಅಮೆರಿಕದಲ್ಲಿ ಓದುತ್ತಿದ್ದವರು ತಾಯಿಗೆ ಹುಷಾರಿಲ್ಲ ಅಂತ ತಿಂಡಿವನಕ್ಕೆ ಬಂದಿದ್ದರು ಅಷ್ಟೇ. ಮತ್ತೆ ಅಮೆರಿಕಕ್ಕೇ ಹೋಗಿ ನೆಲೆಸೋದು ಅವರ ಆಸೆ.

ಒಂದು ರಾತ್ರಿ ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಗಂಡಸರು ಬಾಗಿಲಿಗೆ ಬಂದರು. ಮೂವರ ಹೆಂಡತಿಯರೂ ಹೆರಿಗೆ ನೋವಲ್ಲಿ ಒದ್ದಾಡುತ್ತಿದ್ದರು. ತಂದೆ ಡಾಕ್ಟರು, ಅವರನ್ನೇ ಕಳಿಸ್ತೀನಿ ಅಂದ್ರೂ ಒಬ್ಬರೂ ಒಪ್ಪಲಿಲ್ಲ. ಹೆಂಗಸರನ್ನು ಪರಗಂಡಸು ಮುಟ್ಟೋದು ಆ ಕಾಲಕ್ಕೆ ಆಗದ ಮಾತು. ಬೆಳಗಾಗುವಷ್ಟರಲ್ಲಿ ಮೂವರೂ ಬಾಣಂತಿ ಕೋಣೆಯಲ್ಲೇ ತೀರಿಕೊಂಡಿದ್ದರು. ಐಡಾ ಡಾಕ್ಟರ್ ಆಗೋಕೆ ನಿರ್ಧರಿಸಿದ್ದು ಆಗ.

1899ರಲ್ಲಿ ಕಾರ್ನೆಲ್ ಮೆಡಿಕಲ್ ಕಾಲೇಜಿನಿಂದ ಪದವಿ ಪಡೆದು, 1900ರಲ್ಲಿ ವೆಲ್ಲೂರಿನ ಮನೆಯಲ್ಲೇ ಚಿಕಿತ್ಸೆ ಶುರು ಮಾಡಿದರು. 1902ಕ್ಕೆ 40 ಹಾಸಿಗೆಯ ಆಸ್ಪತ್ರೆ ಎದ್ದು ನಿಂತಿತು. ಆದರೆ ಹಳ್ಳಿ ಜನ ಅಲ್ಲಿವರೆಗೆ ಬರೋಕಾಗ್ತಿರಲಿಲ್ಲ. ಹಾಗಾಗಿ ಐಡಾ ಅವರೇ ವಾರಕ್ಕೊಮ್ಮೆ ಗುಡಿಯಾತಂ ರಸ್ತೆ ಹಿಡಿದು ಹೊರಟರು. ದಾರಿಯುದ್ದಕ್ಕೂ ಮರದ ನೆರಳಲ್ಲಿ ಜನ ಕಾಯ್ತಾ ಕೂತಿರೋರು. ಗಾಯ ತೊಳೆದು, ಔಷಧ ಕೊಟ್ಟು ಮುಂದಿನ ಊರಿಗೆ ಹೋಗೋರು.

ಒಬ್ಬರೇ ಎಷ್ಟು ಊರು ಸುತ್ತಿದರೂ ಸಾಲೋದಿಲ್ಲ ಅನ್ನೋದು ಅವರಿಗೆ ಬೇಗ ಅರ್ಥವಾಯಿತು. ಇಲ್ಲಿನ ಹೆಣ್ಣುಮಕ್ಕಳನ್ನೇ ತಯಾರು ಮಾಡಬೇಕು ಅಂತ 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಹುಡುಗಿಯರ ವೈದ್ಯಕೀಯ ಶಾಲೆ ತೆರೆದರು. ಮೂರು ಅರ್ಜಿ ಬಂದರೂ ಪುಣ್ಯ ಅಂತ ಮದ್ರಾಸಿನ ಅಧಿಕಾರಿಯೊಬ್ಬರು ಹೇಳಿದ್ದರು. ಬಂದಿದ್ದು 151 ಅರ್ಜಿ! ಮೊದಲ ತಂಡದಲ್ಲಿ ಪರೀಕ್ಷೆಗೆ ಕೂತ 14 ಹುಡುಗಿಯರೂ ಪಾಸಾದರು.

ಮುಂದೆ ಸರ್ಕಾರ ಪೂರ್ಣ ಪದವಿ ಇರಲೇಬೇಕು ಅಂದಾಗ ಶಾಲೆ ಮುಚ್ಚುವ ಸ್ಥಿತಿ ಬಂತು. ಎಪ್ಪತ್ತರ ವಯಸ್ಸಲ್ಲಿ ಐಡಾ ಅಮೆರಿಕಕ್ಕೆ ಹೋಗಿ ಊರೂರು ತಿರುಗಿ ಹಣ ಕೂಡಿಸಿದರು. 1942ರಲ್ಲಿ ಎಂಬಿಬಿಎಸ್ ಶುರುವಾಯಿತು. 1947ರಿಂದ ಹುಡುಗರಿಗೂ ಸೀಟು ಸಿಕ್ಕಿತು.

ಓದಿನ ಜೊತೆ ಸಂಶೋಧನೆಯೂ ಬೆಳೆಯಿತು. ಕುಷ್ಠರೋಗದಿಂದ ಮುದುಡಿದ ಕೈಬೆರಳುಗಳು ಮತ್ತೆ ಕೆಲಸ ಮಾಡುವಂತೆ ಆಪರೇಷನ್ ಮಾಡುವ ವಿಧಾನವನ್ನು ಡಾ. ಪಾಲ್ ಬ್ರಾಂಡ್ ರೂಪಿಸಿದ್ದು ಇಲ್ಲೇ. ಊರಿಂದ ದೂರ ಇಟ್ಟಿದ್ದ ಎಷ್ಟೋ ಜನ ಅದರಿಂದ ಮತ್ತೆ ದುಡಿದು ತಿನ್ನುವಂತಾದರು.

ಮದುವೆಯಾಗದೆ ಇದಕ್ಕೇ ಬದುಕು ಸವೆಸಿದ ಐಡಾ 1960ರ ಮೇ ತಿಂಗಳಲ್ಲಿ ಕೊಡೈಕೆನಾಲ್‌ನಲ್ಲಿ ತೀರಿಕೊಂಡರು. ಇವತ್ತು ನಮ್ಮ ತಾಲ್ಲೂಕಿನ ಹಳ್ಳಿಗಳಿಂದಲೂ ಹುಡುಗಿಯರು ನರ್ಸಿಂಗ್ ಓದೋಕೆ ಬಸ್ ಹತ್ತುತ್ತಾರೆ. ಮನೆಯಲ್ಲಿ ಯಾರಾದರೂ ಬೇಡ ಅಂದರೆ, ತಿಂಡಿವನದ ಆ ರಾತ್ರಿಯ ಕಥೆಯನ್ನು ಅವರಿಗೊಮ್ಮೆ ಹೇಳಿ.